ವಿಧಿವಿಜ್ಞಾನಿಯಾಗಬೇಕೆಂದರೆ ಮೊದಲು ಯಾವ ಪದವಿ ಓದಬೇಕು?

ಪ್ರಶ್ನೆ: ನಾನು ವಿಜ್ಞಾನ ವಿಷಯ ತೆಗೆದುಕೊಂಡು ಶಾಲಾ ಓದಿನ ಕೊನೆಯ ವರ್ಷದಲ್ಲಿದ್ದೇನೆ. ರಸಾಯನ ವಿಜ್ಞಾನವೆಂದರೆ ಇಷ್ಟ, ಗಣಿತ ಅಷ್ಟಕ್ಕಷ್ಟೆ. ವಿಧಿವಿಜ್ಞಾನ (ಫೊರೆನ್ಸಿಕ್ ಸೈನ್ಸ್) ಓದಿ ವಿಧಿವಿಜ್ಞಾನಿಯಾಗಬೇಕೆಂಬ ಆಸೆ ಇದೆ. ನೇರವಾಗಿ ವಿಧಿವಿಜ್ಞಾನದ ಪದವಿಗೇ ಸೇರಲೇ, ಇಲ್ಲವೇ ರಸಾಯನ ವಿಜ್ಞಾನದಲ್ಲಿ ಪದವಿ ಮುಗಿಸಿ ಆಮೇಲೆ ಈ ಕಡೆ ಬರಲೇ? ಅಲ್ಲಿಯ ಕೆಲಸ ನಿಜಕ್ಕೂ ಹೇಗಿರುತ್ತದೆ? ಓದಿದ ಮೇಲೆ ಕೆಲಸ ಸಿಗದಿದ್ದರೆ ಏನು ಗತಿ? ಹೆಣ, ರಕ್ತದ ನಡುವೆ ಇರುವ ಕೆಲಸವೆಂದು ಅಮ್ಮ ಹೆದರುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಕಾರಣಗಳು ಹಿಂದಿನಿಂದ ಬರಲಿ. ನೀವು ರಸಾಯನ ವಿಜ್ಞಾನದಲ್ಲಿ ಗಟ್ಟಿಯಾದ ಪದವಿ ಪಡೆದು, ವಿಧಿವಿಜ್ಞಾನವನ್ನು ಸ್ನಾತಕೋತ್ತರ ಹಂತದಲ್ಲಿ ಓದುವುದು ಒಳ್ಳೆಯದು. ನೇರ ಪದವಿಗೆ ಸೇರಿದವರು ಕೆಟ್ಟರು ಎಂದು ಇದರ ಅರ್ಥವಲ್ಲ. ಅಂಥವರಲ್ಲಿಯೂ ಬಹಳ ಒಳ್ಳೆಯ ವಿಶ್ಲೇಷಕರನ್ನು ನಾನು ಕಂಡಿದ್ದೇನೆ. ಆದರೆ ವಿಷವಿಜ್ಞಾನ ವಿಭಾಗದಲ್ಲಿ ಹಲವು ವರ್ಷ ದುಡಿದು, ಹೊಸದಾಗಿ ಸೇರಿದವರಿಗೆ ತರಬೇತಿ ಕೊಟ್ಟ ಅನುಭವದಿಂದ ಹೇಳುವುದಾದರೆ, ರಸಾಯನ ವಿಜ್ಞಾನ ಬಲ್ಲವರಿಗೆ ವಿಧಿವಿಜ್ಞಾನದ ಪದ್ಧತಿಗಳನ್ನು ಕಲಿಸಲು ಒಂದು ವರ್ಷ ಸಾಕು. ಪದ್ಧತಿಗಳನ್ನಷ್ಟೇ ಓದಿ ಬಂದವರಿಗೆ ಕೆಲಸದ ಒತ್ತಡದ ನಡುವೆ ರಸಾಯನ ವಿಜ್ಞಾನವನ್ನು ಕಲಿಸುವುದು ಬಹಳ ಕಷ್ಟ.

ವಿಧಿವಿಜ್ಞಾನ ಎಂಬ ಹೆಸರು ಒಂದೇ ಆದರೂ ಅದು ಒಂದೇ ವಿಜ್ಞಾನವಲ್ಲ. ಯಾವುದಾದರೂ ದೊಡ್ಡ ಪ್ರಯೋಗಾಲಯದ ಪಡಸಾಲೆಯಲ್ಲಿ ನಡೆದುಹೋದರೆ ಬಾಗಿಲುಗಳ ಮೇಲಿನ ಫಲಕಗಳೇ ಇದನ್ನು ಹೇಳುತ್ತವೆ: ವಿಷವಿಜ್ಞಾನ, ಮಾದಕ ವಸ್ತುಗಳು, ರಕ್ತ ಮತ್ತು ಡಿಎನ್‌ಎ, ಬೆರಳಚ್ಚು, ಬಂದೂಕು ಮತ್ತು ಗುಂಡು, ಕೈಬರಹ ಮತ್ತು ದಾಖಲೆಪತ್ರ, ಸ್ಫೋಟಕ, ಬೆಂಕಿ ಅನಾಹುತ, ಕಂಪ್ಯೂಟರ್ ಮತ್ತು ಮೊಬೈಲ್. ಒಂದು ಕೋಣೆಯವರಿಗೆ ಪಕ್ಕದ ಕೋಣೆಯ ಕೆಲಸ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನ್ಯಾಯಾಲಯದಲ್ಲಿ ನಿಮ್ಮನ್ನು ಯಾರೂ ‘ವಿಧಿವಿಜ್ಞಾನ ಬಲ್ಲವರೇ’ ಎಂದು ಕೇಳುವುದಿಲ್ಲ. ಈ ರಕ್ತದಲ್ಲಿ ಈ ಔಷಧ ಇಷ್ಟು ಪ್ರಮಾಣದಲ್ಲಿತ್ತು ಎಂದು ನೀವು ಯಾವ ವಿಧಾನದಿಂದ ಹೇಳಿದಿರಿ, ಆ ವಿಧಾನ ನಿಮಗೆ ಎಷ್ಟು ಗೊತ್ತು ಎಂದು ಕೇಳುತ್ತಾರೆ.

ಈ ಕ್ಷೇತ್ರವನ್ನು ಕಟ್ಟಿದವರ ಓದನ್ನು ಒಮ್ಮೆ ಗಮನಿಸಿ. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಪೊಲೀಸರು ಕೊಟ್ಟ ಅಟ್ಟದ ಎರಡು ಕೋಣೆಗಳಲ್ಲಿ, ಇಬ್ಬರು ಸಹಾಯಕರೊಂದಿಗೆ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಅವರು ವೈದ್ಯಕೀಯವನ್ನೂ ಕಾನೂನನ್ನೂ ಓದಿದವರು. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ಗುರುತಿನ ವಿಧಾನವನ್ನು ಕಂಡ ಅಲೆಕ್ ಜೆಫ್ರೀಸ್ ತಳಿವಿಜ್ಞಾನಿ. ಅವರು ಹುಡುಕುತ್ತಿದ್ದದ್ದು ಅಪರಾಧಿಗಳನ್ನಲ್ಲ. ವಿಷವಿಜ್ಞಾನಕ್ಕೆ ತಳಪಾಯ ಹಾಕಿದ ಮತ್ಯೂ ಓರ್ಫಿಲಾ ವೈದ್ಯರು, ರಸಾಯನ ವಿಜ್ಞಾನಿ. ಇವರಾರಿಗೂ ವಿಧಿವಿಜ್ಞಾನದ ಪದವಿ ಇರಲಿಲ್ಲ ಎನ್ನುವುದು ದೊಡ್ಡ ಮಾತಲ್ಲ, ಓರ್ಫಿಲಾ, ಲೊಕಾರ್ಡ್ ಓದುವ ಕಾಲದಲ್ಲಂತೂ ಅಂಥ ಪದವಿಯೇ ಇರಲಿಲ್ಲ. ತಮ್ಮ ಮೂಲ ವಿಷಯದಲ್ಲಿ ಆಳವಾಗಿ ಇಳಿದಿದ್ದರಿಂದಲೇ ಅವರಿಗೆ ಹೊಸದು ಕಂಡಿತು ಎನ್ನುವುದನ್ನು ನೀವು ಗಮನಿಸಬೇಕು.

ಗಣಿತ ಅಷ್ಟಕ್ಕಷ್ಟೆ ಎಂದಿರಿ. ಇಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗುತ್ತದೆ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಕೆಲಸ ಆರಂಭಿಸಿದಾಗ, ಸಾವಿರಾರು ಚೀಟಿಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದೇ ಎಲ್ಲರನ್ನೂ ಕಾಡಿದ ತೊಡಕಾಗಿತ್ತು. ಅದನ್ನು ಬಿಡಿಸಿದ್ದು ಗಣಿತ ಓದಿದ್ದ ಅಜೀಜುಲ್ ಹಕ್ ಎಂಬ ಪೊಲೀಸ್ ಅಧಿಕಾರಿ: ಹತ್ತು ಬೆರಳುಗಳ ಗೆರೆಗಳ ವಿನ್ಯಾಸಕ್ಕೆ ಅಂಕಿಗಳನ್ನು ಕೊಟ್ಟು, 32ಕ್ಕೆ 32ರಂತೆ 1024 ಗೂಡುಗಳಲ್ಲಿ ಚೀಟಿಗಳನ್ನು ವಿಂಗಡಿಸುವ ಸೂತ್ರವನ್ನು ಅವರು ರೂಪಿಸಿದರು. ಆ ವರ್ಗೀಕರಣ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಅವರ ಹೆಸರಿನಲ್ಲಿ ಲೋಕಕ್ಕೆ ಹಬ್ಬಿತು ಎಂಬುದು ಬೇರೆ ಕಥೆ.

ಇಂದು ಬೇಕಾಗಿರುವ ಗಣಿತ ಹೆಚ್ಚಾಗಿ ಸಂಭಾವ್ಯತೆ ಮತ್ತು ಸಂಖ್ಯಾಶಾಸ್ತ್ರ. ಒಂದು ಚಿಕ್ಕ ಲೆಕ್ಕ ನೋಡಿ. ಸ್ಥಳದಲ್ಲಿ ಸಿಕ್ಕ ಅರೆಬರೆ ಡಿಎನ್‌ಎ ವಿನ್ಯಾಸವೊಂದು 10 ಲಕ್ಷ ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಎಂದುಕೊಳ್ಳಿ. ಅದು ಆರೋಪಿಗೆ ಹೊಂದಿತು. ಹಾಗಿದ್ದರೆ ಆತ ನಿರಪರಾಧಿಯಾಗಿರುವ ಸಾಧ್ಯತೆ 10 ಲಕ್ಷದಲ್ಲಿ ಒಂದು ಮಾತ್ರವೇ? ಹಾಗೆಂದು ವಾದಿಸಿದ ವಕೀಲರಿದ್ದಾರೆ, ಒಪ್ಪಿದವರೂ ಇದ್ದಾರೆ. ಆದರೆ 50 ಲಕ್ಷ ಜನರಿರುವ ನಗರದಲ್ಲಿ ಆ ವಿನ್ಯಾಸ ಸುಮಾರು 5 ಜನರಿಗೆ ಇರಬಹುದು. ಬೇರೆ ಯಾವ ಸಾಕ್ಷ್ಯವೂ ಇಲ್ಲದಿದ್ದರೆ ಆರೋಪಿ ಆ ಐವರಲ್ಲಿ ಒಬ್ಬ, ಅಷ್ಟೆ. ‘ನಿರಪರಾಧಿಯಾಗಿದ್ದರೆ ಹೊಂದುವ ಸಾಧ್ಯತೆ’ ಮತ್ತು ‘ಹೊಂದಿದ್ದರೆ ನಿರಪರಾಧಿಯಾಗಿರುವ ಸಾಧ್ಯತೆ’ ಇವೆರಡು ಬೇರೆ ಬೇರೆ ಎಂಬುದನ್ನು ಕಟಕಟೆಯಲ್ಲಿ ನಿಂತು, ಗಣಿತ ಗೊತ್ತಿಲ್ಲದವರಿಗೂ ತಿಳಿಯುವಂತೆ ವಿವರಿಸಲು ನಿಮಗೆ ಬರಬೇಕು. ಆದ್ದರಿಂದ ಪದವಿಯಲ್ಲಿ ಸಂಖ್ಯಾಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಳ್ಳಲು ಅವಕಾಶವಿದ್ದರೆ ಬಿಡಬೇಡಿ. ಕಲನಶಾಸ್ತ್ರದಲ್ಲಿ ಅಂಕ ಕಡಿಮೆ ಬಂದರೆ ಅಷ್ಟೇನೂ ನಷ್ಟವಿಲ್ಲ; ಸಂಭಾವ್ಯತೆ ಅರ್ಥವಾಗದಿದ್ದರೆ ಈ ಕ್ಷೇತ್ರದಲ್ಲಿ ಅಪಾಯಕಾರಿಯಾಗುತ್ತೀರಿ.

ಇನ್ನು ಕೆಲಸ ಹೇಗಿರುತ್ತದೆ ಎಂಬ ಪ್ರಶ್ನೆ. ಪರದೆಯ ಮೇಲೆ ಕಾಣುವ ತಜ್ಞ ಬೆಳಿಗ್ಗೆ ಸ್ಥಳಕ್ಕೆ ಹೋಗಿ, ಮಧ್ಯಾಹ್ನ ಪರೀಕ್ಷೆ ಮಾಡಿ, ಸಂಜೆ ಆರೋಪಿಯನ್ನು ಪ್ರಶ್ನಿಸುತ್ತಾನೆ. ವಾಸ್ತವದಲ್ಲಿ ಇವು ಮೂವರ ಕೆಲಸಗಳು, ಮೂರನೆಯದಂತೂ ವಿಜ್ಞಾನಿಯದ್ದೇ ಅಲ್ಲ. ಬಟ್ಟೆಯ ಮೇಲಿನ ಒಂದು ಕಂದು ಕಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಪೊಟ್ಟಣ ಬಂದ ಕೂಡಲೇ ಅದನ್ನು ಬಿಚ್ಚುವಂತಿಲ್ಲ. ಮೊದಲು ಮೊಹರು ಸರಿಯಿದೆಯೇ, ಪತ್ರದೊಂದಿಗೆ ಬಂದ ಮಾದರಿ ಮೊಹರಿಗೆ ಅದು ಹೋಲುತ್ತದೆಯೇ, ಪೊಟ್ಟಣದ ಮೇಲಿನ ವಿವರವೂ ಪತ್ರದಲ್ಲಿನ ವಿವರವೂ ಒಂದೇ ಆಗಿವೆಯೇ ಎಂದು ನೋಡಿ ಬರೆದುಕೊಳ್ಳಬೇಕು. ಪತ್ರದಲ್ಲಿ ‘ನೀಲಿ ಅಂಗಿ’ ಎಂದಿದ್ದು ಒಳಗೆ ಬೂದು ಬಣ್ಣದ್ದು ಇದ್ದರೆ ಅದನ್ನೂ ಹಾಗೆಯೇ ದಾಖಲಿಸಬೇಕು. ಬಳಿಕ ಛಾಯಾಚಿತ್ರ, ಅಳತೆ, ರೇಖಾಚಿತ್ರ. ಅನಂತರವೇ ಪರೀಕ್ಷೆ. ಮಡಿಸಿದ ಸೋಸುಕಾಗದದ ತುದಿಯನ್ನು ಕಲೆಯ ಮೇಲೆ ಮೆಲ್ಲಗೆ ಉಜ್ಜಿ, ಅದಕ್ಕೆ ಒಂದು ಹನಿ ಆಲ್ಕೋಹಾಲ್, ಆಮೇಲೆ ಬಣ್ಣ ಕಳೆದ ಫಿನಾಲ್ಫ್ತಲೀನ್ ದ್ರಾವಣದ ಒಂದು ಹನಿ ಹಾಕಿ ಕಾಯಬೇಕು. ಏನೂ ಆಗದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಹನಿ. ಕೆಲವೇ ಕ್ಷಣಗಳಲ್ಲಿ ಕಾಗದ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ರಕ್ತವಿರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಅಲ್ಲಿ ಬೇರೇನೋ ಉತ್ಕರ್ಷಕವಿದೆ ಎಂದರ್ಥ. ತುಂಬ ಹೊತ್ತಿನ ಮೇಲೆ ಬರುವ ಬಣ್ಣಕ್ಕೆ ಬೆಲೆಯಿಲ್ಲ, ಏಕೆಂದರೆ ಗಾಳಿಯಲ್ಲಿರುವ ಆಮ್ಲಜನಕವೂ ಆ ದ್ರಾವಣವನ್ನು ನಿಧಾನವಾಗಿ ಗುಲಾಬಿಯಾಗಿಸುತ್ತದೆ.

ಇಲ್ಲಿ ‘ರಕ್ತವಿರಬಹುದು’ ಎಂದೇ ಬರೆದಿದ್ದೇನೆ, ‘ರಕ್ತ’ ಎಂದಲ್ಲ. ಈ ಬಣ್ಣ ಹೀಮೋಗ್ಲೋಬಿನ್‌ನಲ್ಲಿರುವ ಹೀಮ್ ಎಂಬ ಭಾಗದ ವೇಗವರ್ಧಕ ಗುಣದಿಂದ ಬರುತ್ತದೆ. ಕೆಲವು ಸಸ್ಯಗಳಲ್ಲಿರುವ ಪೆರಾಕ್ಸಿಡೇಸ್ ಕಿಣ್ವವೂ ಅದೇ ಕೆಲಸ ಮಾಡಬಲ್ಲದು. ರಸಾಯನ ವಿಜ್ಞಾನ ಓದಿದವರಿಗೆ ಈ ‘ಬಹುದು’ ಎಲ್ಲಿಂದ ಬಂತೆಂದು ತಾನಾಗಿ ತಿಳಿಯುತ್ತದೆ. ಪದ್ಧತಿಯನ್ನಷ್ಟೇ ಕಂಠಪಾಠ ಮಾಡಿದವರಿಗೆ ಅದು ಕೈಪಿಡಿಯಲ್ಲಿರುವ ಇನ್ನೊಂದು ವಾಕ್ಯ. ಮುಂದಿನ ಹಂತದಲ್ಲಿ ಅದು ಮನುಷ್ಯನ ರಕ್ತವೇ ಎಂದು ತೋರಿಸುವ ಪಟ್ಟಿಯ (ಸ್ಟ್ರಿಪ್) ಪರೀಕ್ಷೆ, ಅದರ ಮುಂದೆ ಡಿಎನ್‌ಎ. ಆ ಪಟ್ಟಿಯೂ ಮನುಷ್ಯನಿಗೆ ಹತ್ತಿರದ ವಾನರಗಳ ರಕ್ತಕ್ಕೆ ಸ್ಪಂದಿಸುತ್ತದೆ. ಇದನ್ನು ಕೇಳಿ ಹೊಸಬರು ನಗುತ್ತಾರೆ, ಆದರೆ ವರದಿಯ ಅಡಿಯಲ್ಲಿ ಅದನ್ನೂ ತಿಳಿದೇ ಸಹಿ ಹಾಕಬೇಕು.

ನಿಮ್ಮ ಇಷ್ಟದ ರಸಾಯನ ವಿಜ್ಞಾನಕ್ಕೆ ಹೆಚ್ಚು ಹತ್ತಿರವಾದದ್ದು ನನ್ನ ವಿಭಾಗವಾದ ವಿಷವಿಜ್ಞಾನ. ಇದರಲ್ಲಿ ಉಪಕರಣ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ತಲೆ ಮಾಡಬೇಕು. ರಕ್ತದ ಸೀಸೆಯಲ್ಲಿ ಆಲ್ಕೋಹಾಲ್ ಕಂಡುಬಂತೆನ್ನಿ. ಆ ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕಿದ್ದರೇ ಎಂದು ಮೊದಲು ಕೇಳಬೇಕು. ಹಾಕಿರದಿದ್ದರೆ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಲ್ಕೋಹಾಲನ್ನು ಸೀಸೆಯೊಳಗೇ ತಯಾರಿಸಿರಬಹುದು, ಕುಡಿಯದವನೂ ಕುಡಿದವನಂತೆ ಕಾಣಬಹುದು. ಸತ್ತವರ ರಕ್ತದಲ್ಲಿ ಔಷಧವೊಂದರ ಪ್ರಮಾಣ ಹೆಚ್ಚಾಗಿದೆಯೆನ್ನಿ. ರಕ್ತವನ್ನು ಹೃದಯದಿಂದ ತೆಗೆದರೋ ತೊಡೆಯ ರಕ್ತನಾಳದಿಂದ ತೆಗೆದರೋ ಎಂಬುದು ಮುಖ್ಯವಾಗುತ್ತದೆ, ಏಕೆಂದರೆ ಸಾವಿನ ನಂತರ ಕೆಲವು ಔಷಧಗಳು ಯಕೃತ್ತು, ಶ್ವಾಸಕೋಶಗಳಿಂದ ಹೊರಬಂದು ಹೃದಯದ ರಕ್ತವನ್ನು ಸೇರಿ ಅಲ್ಲಿ ಪ್ರಮಾಣವನ್ನು ಏರಿಸುತ್ತವೆ. ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಅವುಗಳನ್ನು ಅಣುಗಳ ರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಸೇರಿ ಕೊಡುವ ಸಂಖ್ಯೆ ಎರಡೂ ಸಂದರ್ಭಗಳಲ್ಲಿ ನಿಖರವಾಗಿಯೇ ಇರುತ್ತದೆ. ಆ ಸಂಖ್ಯೆಯ ಅರ್ಥವೇನು ಎಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ.

ಪರೀಕ್ಷೆಯಷ್ಟೇ ಅದನ್ನು ತೋರಿಸುವುದೂ ಮುಖ್ಯ. 1832ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕೊಲೆ ವಿಚಾರಣೆಯೊಂದರಲ್ಲಿ ಜೇಮ್ಸ್ ಮಾರ್ಷ್ ಎಂಬ ರಸಾಯನ ವಿಜ್ಞಾನಿ ಆರ್ಸೆನಿಕ್ ಇದ್ದುದನ್ನು ಆಗ ರೂಢಿಯಲ್ಲಿದ್ದ ವಿಧಾನದಿಂದ ಪತ್ತೆಹಚ್ಚಿದ್ದರು, ಹಳದಿ ಗಸಿಯನ್ನೂ ಕಂಡಿದ್ದರು. ಆದರೆ ಅದನ್ನು ನ್ಯಾಯದರ್ಶಿಗಳ ಮುಂದಿಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಆ ಸೋಲಿನ ಕಹಿಯಲ್ಲಿ ಮಾರ್ಷ್ ದುಡಿದು 1836ರಲ್ಲಿ ಪ್ರಕಟಿಸಿದ ಪರೀಕ್ಷೆ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪವನ್ನು ಬಿಡುತ್ತಿತ್ತು. ಅದನ್ನು ಯಾರು ಬೇಕಾದರೂ ಕೈಯಲ್ಲಿ ಹಿಡಿದು ನೋಡಬಹುದಿತ್ತು. ಇಂದಿಗೂ ನಮ್ಮ ದಿನದ ದೊಡ್ಡ ಪಾಲು ಹೋಗುವುದು ತೋರಿಸಲು ಬೇಕಾದ ಬರವಣಿಗೆಯಲ್ಲೇ. ಪರೀಕ್ಷೆಗೆ ಎರಡು ಗಂಟೆಯಾದರೆ ದಾಖಲೆ, ಮರುಪರಿಶೀಲನೆ, ವರದಿಗೆ ನಾಲ್ಕು ಗಂಟೆ. ಬರೆಯಲು ಬೇಸರಿಸುವವರಿಗೆ ಈ ವೃತ್ತಿ ಹೊಂದುವುದಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟಿಪ್ಪಣಿ ಪುಸ್ತಕದಲ್ಲಿ ತೂಕದ ಅಂಕಿಯೊಂದನ್ನು ತಪ್ಪಾಗಿ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದೆ. ಹೊಡೆದ ಗೆರೆ ಒಂದೇ ಇತ್ತು, ಕೆಳಗಿನ ಅಂಕಿ ಓದುವಂತಿತ್ತು, ಅಷ್ಟರಮಟ್ಟಿಗೆ ನಿಯಮ ಪಾಲಿಸಿದ್ದೆ; ಆದರೆ ಚಿಕ್ಕ ಸಹಿ ಮತ್ತು ದಿನಾಂಕ ಹಾಕುವುದನ್ನು ಮರೆತಿದ್ದೆ. ಎರಡು ವರ್ಷಗಳ ಬಳಿಕ ಪಾಟೀಸವಾಲಿನಲ್ಲಿ ಪ್ರತಿವಾದಿ ವಕೀಲರು ಆ ಪುಟವನ್ನು ಎತ್ತಿಹಿಡಿದು, ‘ಈ ತಿದ್ದುಪಡಿಯನ್ನು ಯಾರು ಮಾಡಿದರು, ಯಾವಾಗ ಮಾಡಿದರು, ವರದಿ ಬರೆಯುವ ಮೊದಲೋ ಆಮೇಲೋ’ ಎಂದು ಕೇಳಿದರು. ನಾನೇ ಮಾಡಿದ್ದು ಎಂದೆ. ‘ನೆನಪಿನಿಂದ ಹೇಳುತ್ತಿದ್ದೀರೋ ದಾಖಲೆಯಿಂದಲೋ’ ಎಂದರು. ನೆನಪಿನಿಂದ ಎಂದು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಪರೀಕ್ಷೆಯಲ್ಲಿ ದೋಷವಿರಲಿಲ್ಲ, ಆದರೂ ಆ ಒಂದು ಅಂಕಿಯ ಸುತ್ತ ಇಪ್ಪತ್ತು ನಿಮಿಷ ನಿಂತೆ. ವಕೀಲರ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಅವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು ಎನ್ನಿಸುತ್ತದೆ.

ಈ ಕ್ಷೇತ್ರಕ್ಕೆ ಬರುವವರು ಇದರ ಸೋಲುಗಳನ್ನು ಓದದೆ ಬರಬಾರದು. ಪಠ್ಯಕ್ರಮಗಳಲ್ಲಿ ಗೆಲುವಿನ ಕಥೆಗಳೇ ಹೆಚ್ಚು. 2004ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದ ಮೇಲೆ, ಸ್ಫೋಟಕಗಳಿಗೆ ಸಂಬಂಧಿಸಿದ ಚೀಲದ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ಓರೆಗಾನ್ ರಾಜ್ಯದ ವಕೀಲರೊಬ್ಬರದ್ದು ಎಂದು ಆ ದೇಶದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಅನುಭವಿ ಪರಿಣತರು ಖಚಿತವಾಗಿ ಹೇಳಿದರು. ಆ ವಕೀಲರ ಪರವಾಗಿ ನೋಡಿದ ಸ್ವತಂತ್ರ ಪರಿಣತರೂ ಹೌದೆಂದರು. ಎರಡು ವಾರ ಆ ವಕೀಲರು ಬಂಧನದಲ್ಲಿದ್ದರು. ಅಷ್ಟರಲ್ಲಿ ಸ್ಪೇನ್ ಪೊಲೀಸರು ಆ ಗುರುತು ಅಲ್ಜೀರಿಯಾದ ಬೇರೊಬ್ಬನದ್ದೆಂದು ತೋರಿಸಿದರು. ಎರಡು ವರ್ಷಗಳ ನಂತರ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ಐವರು ಬೆರಳಚ್ಚು ಪರಿಣತರಿಗೆ, ಹಿಂದೊಮ್ಮೆ ಅವರೇ ‘ಹೊಂದುತ್ತದೆ’ ಎಂದಿದ್ದ ಜೋಡಿಯನ್ನು ಮತ್ತೆ ಕೊಟ್ಟು, ಇದು ಮ್ಯಾಡ್ರಿಡ್ ಪ್ರಕರಣದ ತಪ್ಪು ಹೊಂದಾಣಿಕೆ ಎಂದು ಹೇಳಲಾಯಿತು. ಮೂವರು ‘ಹೊಂದುವುದಿಲ್ಲ’ ಎಂದರು, ಒಬ್ಬರು ‘ಹೇಳಲಾಗದು’ ಎಂದರು, ಒಬ್ಬರು ಮಾತ್ರ ತಮ್ಮ ಹಳೆಯ ಮಾತಿಗೆ ನಿಂತರು. ಗೆರೆಗಳು ಬದಲಾಗಿರಲಿಲ್ಲ, ಕಿವಿಗೆ ಬಿದ್ದ ಕಥೆ ಬದಲಾಗಿತ್ತು. ‘ಇವನೇ ಮಾಡಿದ್ದು, ತಪ್ಪೊಪ್ಪಿಕೊಂಡಿದ್ದಾನೆ, ನೀವು ಒಂದು ವರದಿ ಕೊಟ್ಟರೆ ಮುಗಿಯಿತು’ ಎಂದು ತನಿಖಾಧಿಕಾರಿ ಹೇಳುವಾಗ ಕಿವಿ ಮುಚ್ಚಿಕೊಳ್ಳುವುದು ಅಸಭ್ಯತೆಯಲ್ಲ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಕೂದಲಿನ ಪ್ರಕರಣ ಇನ್ನೂ ದೊಡ್ಡದು. ಸೂಕ್ಷ್ಮದರ್ಶಕದಲ್ಲಿ ಕೂದಲನ್ನು ಹೋಲಿಸಿ ನೋಡಿ ನುಡಿದ ಹಳೆಯ ಸಾಕ್ಷ್ಯಗಳನ್ನು ಎಫ್‌ಬಿಐ ಮರುಪರಿಶೀಲಿಸಿದಾಗ, ಆರೋಪಿಗೆ ವಿರುದ್ಧವಾಗಿ ಬಳಸಿದ 268 ವಿಚಾರಣೆಗಳ ಪೈಕಿ 257ರಲ್ಲಿ ವಿಜ್ಞಾನ ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ಪರಿಣತರು ಹೇಳಿದ್ದರು ಎಂದು 2015ರಲ್ಲಿ ಬಯಲಾಯಿತು. 2009ರಲ್ಲಿಯೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಡಿಎನ್‌ಎ ವಿಶ್ಲೇಷಣೆಯೊಂದನ್ನು ಬಿಟ್ಟರೆ ಬೇರಾವ ವಿಧಾನವೂ ಸಾಕ್ಷ್ಯವನ್ನು ನಿರ್ದಿಷ್ಟ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲದೆಂದು ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಎಂದು ಹೇಳಿತ್ತು.

ಡಿಎನ್‌ಎ ಕೂಡ ಬಳಸುವವರ ಎಚ್ಚರದಷ್ಟೇ ಗಟ್ಟಿ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕು, ಪೊಲೀಸರು ವರ್ಷಗಟ್ಟಲೆ ಆಕೆಯನ್ನು ಹುಡುಕಿದರು. ಕೊನೆಗೆ 2009ರಲ್ಲಿ ತಿಳಿದದ್ದು, ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳ ತಯಾರಿಕೆಯಲ್ಲಿದ್ದ ಕೆಲಸಗಾರ್ತಿಯದ್ದು ಎಂದು. ಕಡ್ಡಿಗಳು ರೋಗಾಣುಮುಕ್ತವಾಗಿದ್ದವು, ಡಿಎನ್‌ಎ ಮುಕ್ತವಾಗಿರಲಿಲ್ಲ. ಡಿಎನ್‌ಎ ತುಣುಕಿನ ಪ್ರತಿಗಳನ್ನು ತಯಾರಿಸುವ ಪಿಸಿಆರ್ ವಿಧಾನದಲ್ಲಿ ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಯಾಗುತ್ತವೆ. 28 ಸುತ್ತುಗಳಲ್ಲಿ ಒಂದು ತುಣುಕು ಲೆಕ್ಕಕ್ಕೆ 26 ಕೋಟಿಯನ್ನು ದಾಟುತ್ತದೆ. ಬೇಕಾದದ್ದು ಹೇಗೆ ಬೆಳೆಯುತ್ತದೋ ಬೇಡದ್ದೂ ಹಾಗೆಯೇ ಬೆಳೆಯುತ್ತದೆ. ಹತ್ತಿಕಡ್ಡಿಯಂಥ ವಸ್ತುಗಳಿಗೆಂದೇ ಐಎಸ್‌ಒ 18385 ಎಂಬ ಅಂತರರಾಷ್ಟ್ರೀಯ ಮಾನದಂಡ 2016ರಲ್ಲಿ ಬಂತು. ಪ್ರಯೋಗಾಲಯದ ಸಿಬ್ಬಂದಿಯ ಡಿಎನ್‌ಎ ವಿನ್ಯಾಸವನ್ನೂ ಹೋಲಿಕೆಗೆಂದು ದಾಖಲಿಸಿಡುವ ರೂಢಿ ಹಲವೆಡೆ ಇದೆ, ನಿಮ್ಮದನ್ನೂ ಕೇಳಿದರೆ ಗಾಬರಿಯಾಗಬೇಡಿ.

ಇಷ್ಟು ಓದಿ ಮನಸ್ಸು ಹಿಂಜರಿದರೆ ಇನ್ನೊಂದನ್ನೂ ಓದಿ. 1986ರಲ್ಲಿ ಲೆಸ್ಟರ್ ಸಮೀಪದ ಎರಡು ಕೊಲೆಗಳ ಪೈಕಿ ಒಂದನ್ನು ತಾನೇ ಮಾಡಿದ್ದೆಂದು 17 ವರ್ಷದ ಹುಡುಗನೊಬ್ಬ ಒಪ್ಪಿಕೊಂಡಿದ್ದ. ಎರಡನ್ನೂ ಅವನ ಮೇಲೆ ಸಾಬೀತುಪಡಿಸಬೇಕೆಂದು ಪೊಲೀಸರು ಜೆಫ್ರೀಸ್ ಅವರ ಬಳಿ ಹೋದರು. ಎರಡನ್ನೂ ಒಬ್ಬನೇ ಮಾಡಿದ್ದಾನೆ, ಆದರೆ ಅವನು ಈ ಹುಡುಗನಲ್ಲ ಎಂದು ಪರೀಕ್ಷೆ ಹೇಳಿತು. ಕೊಲೆ ತನಿಖೆಯೊಂದರಲ್ಲಿ ಡಿಎನ್‌ಎ ಮೊದಲು ಮಾಡಿದ್ದು ಒಬ್ಬನನ್ನು ಬಿಡಿಸುವ ಕೆಲಸ.

ಈಗ ಕಾಲೇಜಿನ ಆಯ್ಕೆ. ಮೊದಲು ಕೆಲಸ ಕೊಡುವವರ ನಿಯಮಗಳನ್ನು ತರಿಸಿಕೊಂಡು ಓದಿ, ಆಮೇಲೆ ಕಾಲೇಜಿನ ಕರಪತ್ರವನ್ನು ಓದಿ. ಬಹಳ ಮಂದಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಒಂದು ಉದಾಹರಣೆ: ಎಫ್‌ಬಿಐ ಹೊರಡಿಸಿರುವ ಗುಣಮಟ್ಟದ ನಿಯಮಗಳ ಪ್ರಕಾರ ಡಿಎನ್‌ಎ ವಿಶ್ಲೇಷಕರು ಜೀವರಸಾಯನ ವಿಜ್ಞಾನ, ತಳಿವಿಜ್ಞಾನ, ಅಣು ಜೀವವಿಜ್ಞಾನಗಳನ್ನು ಓದಿರಬೇಕು, ಸಂಖ್ಯಾಶಾಸ್ತ್ರವನ್ನೋ ಜನಸಮುದಾಯದ ತಳಿವಿಜ್ಞಾನವನ್ನೋ ಕಲಿತಿರಬೇಕು. ಪದವಿಪತ್ರದಲ್ಲಿ ವಿಧಿವಿಜ್ಞಾನ ಎಂಬ ಪದವಿದ್ದೂ ಈ ವಿಷಯಗಳು ಇಲ್ಲದಿದ್ದರೆ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ. ಬೇರೆ ದೇಶಗಳ ನೇಮಕಾತಿ ನಿಯಮಗಳು ಬೇರೆ ಇರುತ್ತವೆ. ನೀವು ಕೆಲಸ ಮಾಡಬೇಕೆಂದಿರುವ ಕಡೆಯ ನಿಯಮವೇ ನಿಮಗೆ ಪ್ರಮಾಣ.

ನೇರ ಪದವಿಗೇ ಮನಸ್ಸಿದ್ದರೆ, ಅದರ ಪಠ್ಯಪಟ್ಟಿಯನ್ನು ಎದುರಿಗಿಟ್ಟುಕೊಂಡು ರಸಾಯನ, ಜೀವ ಮತ್ತು ಭೌತವಿಜ್ಞಾನಗಳಿಗೆ ಕೊಟ್ಟ ಗಂಟೆಗಳನ್ನು ಕೂಡಿ; ಅರ್ಧಕ್ಕಿಂತ ಕಡಿಮೆಯಿದ್ದರೆ ನಾನಾಗಿದ್ದರೆ ಸೇರುತ್ತಿರಲಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಫೊರೆನ್ಸಿಕ್ ಸೈನ್ಸಸ್, ಬ್ರಿಟನ್ನಿನ ಚಾರ್ಟರ್ಡ್ ಸೊಸೈಟಿ ಆಫ್ ಫೊರೆನ್ಸಿಕ್ ಸೈನ್ಸಸ್‌ನಂಥ ವೃತ್ತಿಸಂಸ್ಥೆಗಳು ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತವೆ. ಅಂಥ ಮಾನ್ಯತೆ ಇದೆಯೇ ಎಂದು ನೋಡಿ. ಪ್ರಯೋಗಾಲಯಕ್ಕೆ ಹೋಗಿ, ಉಪಕರಣ ಎಷ್ಟು ದೊಡ್ಡದು ಎಂದು ಬೆರಗಾಗುವ ಬದಲು, ಪದವಿ ವಿದ್ಯಾರ್ಥಿ ಅದನ್ನು ತಾನೇ ಕೈಯಾರೆ ವಾರಕ್ಕೆ ಎಷ್ಟು ಹೊತ್ತು ಬಳಸುತ್ತಾನೆ ಎಂದು ಕೇಳಿ. ಗಾಜಿನ ಆಚೆ ನಿಂತು ನೋಡಿದ ಯಂತ್ರವನ್ನು ಸ್ವವಿವರದಲ್ಲಿ ‘ಬಲ್ಲೆ’ ಎಂದು ಬರೆಯುವವರನ್ನು ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಗುರುತಿಸಬಹುದು. ವಾರಾಂತ್ಯದ ಪ್ರಮಾಣಪತ್ರ ಕೋರ್ಸುಗಳಿಗೆ ನೇಮಕಾತಿಯಲ್ಲಿ ಹೆಚ್ಚಿನ ಬೆಲೆಯಿಲ್ಲ. ತಿಳಿವಳಿಕೆಗಾಗಿ ಮಾಡುವುದಾದರೆ ಮಾಡಿ.

ಎರಡು ಹಾದಿಗಳು ಮಾತ್ರ ನನ್ನ ಈ ಸಲಹೆಯಿಂದ ಹೊರಗಿವೆ. ಮರಣೋತ್ತರ ಪರೀಕ್ಷೆ ಮಾಡಬೇಕೆಂದಿದ್ದರೆ ವೈದ್ಯಕೀಯ ಪದವಿ ಪಡೆದು, ಆ ಮೇಲೆ ನ್ಯಾಯವೈದ್ಯಶಾಸ್ತ್ರದಲ್ಲೋ ರೋಗನಿದಾನಶಾಸ್ತ್ರದಲ್ಲೋ ವಿಶೇಷ ಓದು ಓದಬೇಕು. ವಿಧಿವಿಜ್ಞಾನದ ಪದವಿ ಅಲ್ಲಿಗೆ ಒಯ್ಯುವುದಿಲ್ಲ. ಕಂಪ್ಯೂಟರ್, ಮೊಬೈಲ್‌ಗಳ ತಪಾಸಣೆಗೆ ಕಂಪ್ಯೂಟರ್ ವಿಜ್ಞಾನ ಬೇಕು.

ಕೆಲಸಕ್ಕೆ ಸೇರಿದ ದಿನವೇ ಯಾರೂ ಪ್ರಕರಣ ಕೈಗೆ ಕೊಡುವುದಿಲ್ಲ. ವಿಭಾಗವನ್ನು ಅವಲಂಬಿಸಿ ಕೆಲವು ತಿಂಗಳಿಂದ ಎರಡು ವರ್ಷಗಳವರೆಗೆ ಹಿರಿಯರ ಕಣ್ಣಳತೆಯಲ್ಲಿ ಕಲಿಕೆ, ಅಭ್ಯಾಸದ ಮಾದರಿಗಳು, ಅಣಕು ನ್ಯಾಯಾಲಯ, ಕೊನೆಗೆ ಸಾಮರ್ಥ್ಯ ಪರೀಕ್ಷೆ. ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025ರ ಮಾನ್ಯತೆ ಇರುವ ಕಡೆ ನಿವೃತ್ತಿಯವರೆಗೂ ಇಂಥ ಪರೀಕ್ಷೆಗಳು ತಪ್ಪುವುದಿಲ್ಲ. ನೇಮಕಾತಿಗೆ ಮೊದಲು ಹಿನ್ನೆಲೆ ತಪಾಸಣೆ ಇರುತ್ತದೆ. ಮಾದಕ ವಸ್ತುಗಳ ಚಾಳಿ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ದಾಖಲೆ ಇವು ಅಲ್ಲಿ ದುಬಾರಿಯಾಗುತ್ತವೆ. ಸಾಕ್ಷಿಯ ಪ್ರಾಮಾಣಿಕತೆಯನ್ನೇ ಎದುರಾಳಿ ಮೊದಲು ಕೆದಕುವುದರಿಂದ ಇದನ್ನು ಕಾಠಿಣ್ಯವೆನ್ನಲಾಗದು.

ಕೆಲಸ ಸಿಗದಿದ್ದರೆ ಎಂಬ ನಿಮ್ಮ ಚಿಂತೆ ನಿಜವಾದದ್ದು. ಈ ಕ್ಷೇತ್ರದಲ್ಲಿ ಹೆಚ್ಚಿನ ಹುದ್ದೆಗಳು ಸರ್ಕಾರದವು, ಸರ್ಕಾರದ ತೀರ್ಮಾನಗಳ ಜತೆ ಏರಿಳಿಯುವಂಥವು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಒಡೆತನದ ಫೊರೆನ್ಸಿಕ್ ಸೈನ್ಸ್ ಸರ್ವಿಸ್ 2012ರಲ್ಲಿ ಮುಚ್ಚಿಹೋಯಿತು. ಅದರ ಕೆಲಸ ಖಾಸಗಿ ಸಂಸ್ಥೆಗಳಿಗೂ ಪೊಲೀಸರ ಸ್ವಂತ ಪ್ರಯೋಗಾಲಯಗಳಿಗೂ ಹಂಚಿಹೋಯಿತು. ಪ್ರಕರಣಗಳು ರಾಶಿ ಬಿದ್ದಿವೆ ಎಂದ ಮಾತ್ರಕ್ಕೆ ಹುದ್ದೆಗಳು ಖಾಲಿ ಇವೆ, ತುಂಬುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಮೂಲ ವಿಜ್ಞಾನದ ಪದವಿ ಇರಲಿ ಎನ್ನುವುದಕ್ಕೆ ಇದು ಎರಡನೆಯ ಕಾರಣ. ಕ್ರೊಮಟೋಗ್ರಫಿ ಚೆನ್ನಾಗಿ ಬಲ್ಲ ರಸಾಯನ ವಿಜ್ಞಾನಿ ಔಷಧ ತಯಾರಿಕೆಯ ಗುಣಮಟ್ಟ ವಿಭಾಗ, ಆಹಾರ ಮತ್ತು ನೀರಿನ ಪರೀಕ್ಷೆ, ಕ್ರೀಡಾಪಟುಗಳ ಉದ್ದೀಪನ ಮದ್ದಿನ ಪರೀಕ್ಷೆ, ಪರಿಸರ ಪ್ರಯೋಗಾಲಯ ಇವುಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿ ಕಲಿತ ಶಿಸ್ತು ಆಮೇಲೆ ಇಲ್ಲಿಗೂ ಬರುತ್ತದೆ. ನಮ್ಮ ವಿಭಾಗದ ಒಳ್ಳೆಯ ಕೈಗಳಲ್ಲಿ ಒಬ್ಬರು ಔಷಧ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು ಬಂದವರು.

ಇನ್ನು ನಿಮ್ಮ ತಾಯಿಯವರ ಭಯ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಲ್ಲಿ ಅನೇಕರು ವೃತ್ತಿಯ ಉದ್ದಕ್ಕೂ ಒಂದು ಹೆಣವನ್ನೂ ನೋಡುವುದಿಲ್ಲ. ಅದು ಸ್ಥಳ ಪರಿಶೀಲನಾ ತಂಡ ಮತ್ತು ವೈದ್ಯರ ಪಾಲಿನದು. ನನ್ನ ವಿಭಾಗಕ್ಕೆ ಮಾತ್ರ ಒಳಾಂಗಗಳ ಜಾಡಿಗಳು ಬರುತ್ತವೆ, ವಾಸನೆ ಇರುತ್ತದೆ. ಮೊದಲ ತಿಂಗಳು ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ, ಮೂರನೆಯ ತಿಂಗಳಿಗೆ ಅದು ಗಮನಕ್ಕೂ ಬರುತ್ತಿರಲಿಲ್ಲ. ಮನಸ್ಸನ್ನು ಹೆಚ್ಚು ಕದಡುವ ಕೆಲಸವೆಂದು ನಾನು ಕಂಡದ್ದು, ಹೊರಗಿನವರು ಅತ್ಯಂತ ಸ್ವಚ್ಛವೆಂದು ಭಾವಿಸುವ ಕಂಪ್ಯೂಟರ್ ವಿಭಾಗದ್ದು: ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಒಂದೊಂದಾಗಿ ನೋಡಿ ವಿಂಗಡಿಸುವವರು ಅಲ್ಲಿದ್ದಾರೆ. ಅಂಥವರಿಗೆ ಆಪ್ತಸಮಾಲೋಚನೆಯ ಏರ್ಪಾಡು ಇಲ್ಲದ ಸಂಸ್ಥೆಗೆ ನಿಮ್ಮ ಗೆಳೆಯರು ಯಾರಾದರೂ ಸೇರುವುದಾದರೆ ಬೇಡವೆನ್ನಿ.

ಯಾವುದಾದರೂ ಪ್ರಯೋಗಾಲಯ ಸಾರ್ವಜನಿಕರ ಭೇಟಿಗೆ ಅವಕಾಶ ಕೊಡುವ ದಿನ ಇಟ್ಟುಕೊಂಡಿದ್ದರೆ ತಾಯಿಯವರನ್ನೂ ಜತೆಗೆ ಕರೆದುಕೊಂಡು ಹೋಗಿ. ಅವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಗಾಜಿನ ಸಾಮಾನುಗಳು, ಸಾಲು ಫ್ರಿಜ್‌ಗಳು, ಮೊಹರು ಹಾಕಿದ ಪೊಟ್ಟಣಗಳ ಕಪಾಟುಗಳು, ಮತ್ತು ಪರದೆಯ ಮುಂದೆ ಕುಳಿತು ವರದಿ ಟೈಪ್ ಮಾಡುತ್ತಿರುವ ಜನ.